ತೊಂಬತ್ತೊಂದು ಅಂಕದ ಹೊಗೆ

ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೊಂದು ತೆಗೆಯಬೇಕೆಂದರೆ ನಮ್ಮ ಮಕ್ಕಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಟ್ಯೂಷನ್ನಿಗೆ ಓಡಿ, ಅಪ್ಪನ ಬೈಗುಳ ಅಮ್ಮನ ಹರಕೆ ಎರಡನ್ನೂ ಹೊತ್ತು ಪರದಾಡುತ್ತಾರೆ. ಸಿಗಾರಿಗೆ ಆ ತಾಪತ್ರಯವಿಲ್ಲ. ಮುಕ್ಕಾಲು ಗಂಟೆ ತಣ್ಣಗೆ ಉರಿದು ಬೂದಿಯಾದರೆ ಸಾಕು, ತೊಂಬತ್ತೊಂದು ಗ್ಯಾರಂಟಿ. ಯಾರಿಗಾದರೂ ಅನುಮಾನ ಬಂದು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋಣವೆಂದರೆ ಉತ್ತರಪತ್ರಿಕೆಯೇ ಹೊಗೆಯಾಗಿ ಹೋಗಿರುತ್ತದೆ.

ಸಿಗಾರಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ಚಟವನ್ನು ಊರಿಗೆಲ್ಲ ಹಬ್ಬಿಸಿದ್ದು ‘ಸಿಗಾರ್ ಅಫಿಶಿಯನಾಡೋ’ ಎಂಬ ಅಮೆರಿಕದ ಪತ್ರಿಕೆ. 1992ರಲ್ಲಿ ಅದನ್ನು ಶುರು ಮಾಡಿದ ಮಾರ್ವಿನ್ ಶಾಂಕೆನ್ ಅದಕ್ಕೂ ಮೊದಲೇ ವೈನಿನ ಪತ್ರಿಕೆಯಲ್ಲಿ ಇದೇ ನೂರರ ಮಗ್ಗಿ ಒಪ್ಪಿಸಿದ್ದ ಆಸಾಮಿ. 90 ಬಂದರೆ ಅತ್ಯುತ್ತಮ, 95 ಮುಟ್ಟಿದರೆ ‘ಕ್ಲಾಸಿಕ್’. ಪರೀಕ್ಷಕರಿಗೆ ಕಂಪನಿಯ ಹೆಸರು ತಿಳಿಯದಂತೆ ಸಿಗಾರಿನ ಸೊಂಟದ ಕಾಗದದ ಪಟ್ಟಿ ತೆಗೆದು ಕೊಡುತ್ತಾರೆ, ಅಷ್ಟರಮಟ್ಟಿಗೆ ನ್ಯಾಯವಂತರು. ನೋಟಕ್ಕೆ ಮತ್ತು ಕಟ್ಟಿಗೆ ಇಷ್ಟು, ರುಚಿಗೆ ಇಷ್ಟು, ಉರಿಯುವ ರೀತಿಗೆ ಇಷ್ಟು, ಕೊನೆಗೆ ‘ಒಟ್ಟಾರೆ ಅಭಿಪ್ರಾಯ’ಕ್ಕೆ ಇಷ್ಟು. ಈ ಒಟ್ಟಾರೆ ಅಭಿಪ್ರಾಯ ಬಲು ಅನುಕೂಲದ ತಲೆಬರಹ ನೋಡಿ. ಬೇಕಾದವರನ್ನು ಎತ್ತಲಿಕ್ಕೂ ಬೇಡದವರನ್ನು ಇಳಿಸಲಿಕ್ಕೂ ಜಗತ್ತಿನ ಎಲ್ಲ ಪರೀಕ್ಷೆಗಳಲ್ಲೂ ಇಂಥದ್ದೊಂದು ಕಿಟಕಿ ಇಟ್ಟೇ ಇರುತ್ತಾರೆ.

ನನಗೆ ಈ ಶಾಸ್ತ್ರದ ದೀಕ್ಷೆ ಕೊಟ್ಟವನು ನನ್ನ ಭಾವಮೈದ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಇನ್ಷೂರೆನ್ಸ್ ಕಂಪನಿಯೊಂದರ ಕಂಪ್ಯೂಟರು ಕಾಯುತ್ತಾನೆ. ಆ ಊರಿನಲ್ಲಿ ಇನ್ಷೂರೆನ್ಸ್ ಬಿಟ್ಟು ಬೇರೆ ಕಸುಬೇ ಇಲ್ಲವೇನೋ ಎನ್ನುವಷ್ಟು ಇನ್ಷೂರೆನ್ಸ್ ಕಚೇರಿಗಳಿವೆ. ಮಧ್ಯಾಹ್ನ ಊಟದ ಹೊತ್ತಿಗೆ ಕನ್ನಡ ಕಿವಿಗೆ ಬೀಳುವಷ್ಟು ನಮ್ಮವರೂ ಇದ್ದಾರೆ. ವಾರವಿಡೀ ಜನರ ಆಯುಷ್ಯದ ಲೆಕ್ಕ ಹಾಕುವ ಕಂಪನಿಯ ಅನ್ನ ತಿಂದು ಶನಿವಾರ ಸಂಜೆ ಹಿತ್ತಲಿನಲ್ಲಿ ಕೂತು ಸಿಗಾರು ಹಚ್ಚುವುದು ಎಷ್ಟು ಸರಿ ಎಂದು ಕೇಳಿದರೆ, ‘ಇದು ಮೈಲ್ಡ್ ಭಾವಾ’ ಎನ್ನುತ್ತಾನೆ. ಊರಿನಲ್ಲಿದ್ದಾಗ ಬಸ್ಸಿನಲ್ಲಿ ಬೀಡಿ ಸೇದುವವರು ಪಕ್ಕಕ್ಕೆ ಬಂದರೆ ಎದ್ದು ನಿಂತುಕೊಂಡೇ ಹೋಗುತ್ತಿದ್ದವನು. ಜಗಲಿಯ ಮೇಲೆ ಚುಟ್ಟ ಹಚ್ಚುತ್ತಿದ್ದ ಸ್ವಂತ ತಾತನಿಗೆ ಇವನ ಕಾಟಕ್ಕೆ ದನದ ಮನೆಯ ಹಿಂದೆ ಜಾಗ ಗೊತ್ತಾಗಿತ್ತು.

ಈಗ ಅವನ ಮನೆಯಲ್ಲಿ ಸಿಗಾರಿಗೆಂದೇ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತೇವ ತೋರಿಸುವ ಮುಳ್ಳು. ಮುಳ್ಳು ಎಪ್ಪತ್ತರ ಆಸುಪಾಸು ನಿಲ್ಲಬೇಕು. ಇಳಿದರೆ ಎಲೆ ಒಡೆಯುತ್ತದೆ, ಏರಿದರೆ ಬೂಸಲು. ತೇವದ ಜೊತೆ ಸೆಕೆಯೂ ಏರಿತೋ, ಎಲೆಯೊಳಗೆ ಅಡಗಿದ್ದ ಮೊಟ್ಟೆ ಒಡೆದು ಹುಳ ಹೊರಬಂದು ಸಿಗಾರಿಗೆ ಕೊಳಲಿನ ಹಾಗೆ ತೂತು ಕೊರೆಯುತ್ತದೆ. ಮಗಳ ಜ್ವರ ಎಷ್ಟೆಂದು ಕೇಳಿದರೆ ಹೆಂಡತಿಯ ಮುಖ ನೋಡುವ ಗೃಹಸ್ಥ, ಪೆಟ್ಟಿಗೆಯ ತೇವ ಎಷ್ಟೆಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ.

ಅವನ ಅಚ್ಚುಮೆಚ್ಚಿನದು 5 ಇಂಚು ಉದ್ದ, 50 ದಪ್ಪ. ದಪ್ಪವನ್ನು ಇಂಚಿನ ಅರವತ್ತನಾಲ್ಕನೇ ಒಂದು ಭಾಗದ ಲೆಕ್ಕದಲ್ಲಿ ಹೇಳುವುದು ಆ ಪಂಥದ ರೂಢಿ. 50 ಎಂದರೆ ಸುಮಾರು ಎರಡು ಸೆಂಟಿಮೀಟರು. ಈ ಗಾತ್ರಕ್ಕೆ ‘ರೊಬಸ್ಟೊ’ ಎನ್ನುತ್ತಾರೆ. ಹೆಸರು ಪೈಲ್ವಾನನದು, ಸ್ವಭಾವ ಸಾಧುವಿನದು. ತುದಿ ಕತ್ತರಿಸುವುದಕ್ಕೆ ಒಂದು ಕತ್ತರಿ, ಹಚ್ಚುವುದಕ್ಕೆ ಸೀಡರ್ ಮರದ ತೆಳುಚಕ್ಕೆ. ಬೆಂಕಿಯನ್ನು ನೇರವಾಗಿ ತಗುಲಿಸಬಾರದು, ದೂರದಿಂದಲೇ ಬಿಸಿ ಮುಟ್ಟಿಸಿ ಸುತ್ತಲೂ ಕೆಂಪಗಾದ ಮೇಲೆ ಬಾಯಿಗಿಡಬೇಕು. ಹೊಗೆ ನುಂಗಬಾರದು, ಬಾಯಲ್ಲಿ ಹೊರಳಿಸಿ ಬಿಡಬೇಕು. ಆಮೇಲೆ ಕಣ್ಣು ಮುಚ್ಚಬೇಕು. ಮುಚ್ಚಿದರೇ ವರದಿ ಹೊರಡುವುದು.

ಸಿಗಾರನ್ನು ಮೂರು ಪಾಲು ಮಾಡಿ ಪಾಲಿಗೊಂದು ವರದಿ. ಮೊದಲ ಪಾಲಿಗೆ, ‘ಒಣಹುಲ್ಲು... ಹಾಲಿನ ಕೆನೆ.’ ನಡುವಿನದಕ್ಕೆ, ‘ಹುರಿದ ಬಾದಾಮಿ, ಸೀಡರು, ಹಿಂದುಗಡೆ ಎಲ್ಲೋ ಬಿಳಿ ಮೆಣಸು.’ ಕೊನೆಯ ಪಾಲಿಗೆ, ‘ಚರ್ಮ, ಒದ್ದೆ ಮಣ್ಣು, ಒಂದೆಳೆ ಬಾರ್ನ್‌ಯಾರ್ಡ್.’

‘ಏನದು ಬಾರ್ನ್‌ಯಾರ್ಡು?’

‘ಕೊಟ್ಟಿಗೆ ಭಾವಾ. ದನದ ಕೊಟ್ಟಿಗೆ. ಒಳ್ಳೆಯ ಲಕ್ಷಣ.’

ಇವನಪ್ಪ ಕೊಟ್ಟಿಗೆ ಗುಡಿಸು ಎಂದಾಗಲೆಲ್ಲ ನಾಳೆ ಪರೀಕ್ಷೆ ಎಂದು ತಪ್ಪಿಸಿಕೊಂಡವನು, ಈಗ ಅದೇ ಕೊಟ್ಟಿಗೆಯ ವಾಸನೆಗೆ ಹನ್ನೆರಡು ಡಾಲರು ಎಣಿಸುತ್ತಿದ್ದಾನೆ. ಒಣಹುಲ್ಲು, ಹಾಲು, ಕೆನೆ, ಚರ್ಮ, ಕೊಟ್ಟಿಗೆ. ಹಸುವೊಂದು ಬಿಟ್ಟು ಎಲ್ಲ ಬಂತು.

ಆದರೆ ಆ ಎಲೆಯ ಜಾತಕ ತಮಾಷೆಯದಲ್ಲ. ಅವನ ಸಿಗಾರಿನ ಮೈಮೇಲಿನ ಹೊರ ಎಲೆ ಅದೇ ಕನೆಕ್ಟಿಕಟ್ ನದಿಯ ಕಣಿವೆಯದು. ವಿಮಾನ ನಿಲ್ದಾಣವಿರುವ ವಿಂಡ್ಸರ್ ಲಾಕ್ಸಿನ ಸುತ್ತಮುತ್ತ ಕಾರಿನಲ್ಲಿ ಹೋದರೆ ಉದ್ದೋ ಉದ್ದದ ಹಳೆಯ ಮರದ ಶೆಡ್ಡುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಎಲೆ ಒಣಗುವಾಗ ಗಾಳಿಯಾಡಲೆಂದು ಗೋಡೆಯ ಹಲಗೆಗಳನ್ನೇ ತೆರೆಯುವಂತೆ ಮಾಡಿರುತ್ತಾರೆ. ಸುಮಾತ್ರಾದಿಂದ ಬರುತ್ತಿದ್ದ ತೆಳುವಾದ, ನುಣುಪಾದ ಎಲೆಯ ಮುಂದೆ ಇಲ್ಲಿಯ ಒರಟು ಎಲೆಯನ್ನು ಕೇಳುವವರಿರಲಿಲ್ಲ. ಆಗ 1900ರಲ್ಲಿ ವಿಂಡ್ಸರಿನಲ್ಲಿ ಸುಮಾತ್ರಾ ಬೀಜವನ್ನೇ ಬಿತ್ತಿ ಹೊಲಕ್ಕೆ ಬಟ್ಟೆಯ ಚಪ್ಪರ ಹಾಕಿ ನೋಡಿದರು. ಬಿಸಿಲು ಸೋಸಿ ಬಂತು, ತೇವ ಒಳಗೇ ನಿಂತಿತು, ಎಲೆ ತೆಳ್ಳಗೆ ನರ ಸಣ್ಣಗೆ ಬಣ್ಣ ತಿಳಿಯಾಗಿ ಬೆಳೆಯಿತು. ಮೈಲ್ಡ್ ಸಿಗಾರಿನ ಹೊಂಬಣ್ಣದ ಹಿಂದಿರುವುದು ಈ ಚಪ್ಪರ.

ಚಪ್ಪರದ ಕೆಳಗೆ ಎಲೆ ಬಿಡಿಸುತ್ತಿದ್ದವರಲ್ಲಿ ಶಾಲೆಗೆ ರಜೆ ಬಂದ ಹುಡುಗರು ಬಹಳ. ಗಿಡದ ಬುಡದ ಎಲೆ ಮೊದಲು ಬಲಿಯುವುದರಿಂದ ಮೊದಲ ಕೊಯ್ಲಿಗೆ ನೆಲದ ಮೇಲೆ ಕೂತು, ಕೂತಲ್ಲಿಂದ ಮುಂದಕ್ಕೆ ತೆವಳುತ್ತ, ಗಿಡಕ್ಕೆ ಎರಡೋ ಮೂರೋ ಎಲೆ ಕಿತ್ತು ಹಿಂದೆ ಇಡುತ್ತ ಸಾಲಿನ ತುದಿ ಮುಟ್ಟಬೇಕು. ಎಲೆ ಹರಿದರೆ ಸಿಗಾರಿಗೆ ಬಾರದು. ಬಟ್ಟೆಯೊಳಗಿನ ಸೆಕೆ ಹೊರಗಿನದಕ್ಕಿಂತ ಹೆಚ್ಚು. ಶೆಡ್ಡಿನಲ್ಲಿ ಹೆಂಗಸರು ಸೂಜಿ ದಾರ ಹಿಡಿದು ಎಲೆ ಪೋಣಿಸಿ ಕೋಲಿಗೆ ಕಟ್ಟುತ್ತಿದ್ದರು. 1944ರ ಬೇಸಿಗೆಯಲ್ಲಿ ಅದೇ ಕಣಿವೆಯ ಸಿಮ್ಸ್‌ಬರಿಯ ತೋಟಕ್ಕೆ, ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಸೇರಲಿದ್ದ ಹದಿನೈದರ ಹುಡುಗನೊಬ್ಬ ಓದಿನ ಖರ್ಚಿಗೆ ದುಡಿಯಲು ಬಂದ. ಹೆಸರು ಮಾರ್ಟಿನ್ ಲೂಥರ್ ಕಿಂಗ್. ಬಿಳಿಯರ ಜೊತೆ ಒಂದೇ ಚರ್ಚಿನಲ್ಲಿ ಕೂತೆ, ಹಾರ್ಟ್‌ಫರ್ಡಿನ ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಿದೆ ಎಂದು ಬೆರಗಾಗಿ ಮನೆಗೆ ಕಾಗದ ಬರೆದ. ವಾಪಸಾಗುವಾಗ ರೈಲಿನಲ್ಲಿ ವಾಷಿಂಗ್ಟನ್ನಿನಿಂದಾಚೆಗೆ ಮತ್ತೆ ಅದೇ ಕರಿಯರಿಗೆಂದು ಬೇರೆ ಮಾಡಿದ ಡಬ್ಬಿ. ಇದೇ ಎಲೆಯಲ್ಲಿ ಕೆನೆ, ಬಾದಾಮಿ, ಬಿಳಿ ಮೆಣಸು ಕಂಡವರು ಎಷ್ಟೋ ಜನ. ‘ಹದಿನೈದರ ಹುಡುಗನ ಬೆವರು, ಹಿಂದುಗಡೆ ಎಲ್ಲೋ’ ಎಂದು ಬರೆದ ಪರೀಕ್ಷಕನನ್ನು ನಾನಂತೂ ಕಂಡಿಲ್ಲ.

ಈಗ ಅಲ್ಲಿ ಚಪ್ಪರ ಅಪರೂಪ. ಅದೇ ತಳಿಯನ್ನು ಇಕ್ವೆಡಾರಿನಲ್ಲಿ ಬಿತ್ತುತ್ತಾರೆ. ಅಲ್ಲಿ ಸದಾ ಮುಚ್ಚಿಕೊಂಡ ಮೋಡವೇ ಚಪ್ಪರ, ಬಟ್ಟೆಯ ಖರ್ಚು ಉಳಿತಾಯ. ಎಲೆ ಇಕ್ವೆಡಾರಿನದಾದರೂ ಹೆಸರು ಕನೆಕ್ಟಿಕಟ್ ಎಂದೇ. ನನ್ನ ಭಾವಮೈದ ಮಾತ್ರ ‘ನನ್ನದು ಒರಿಜಿನಲ್ ಕಣಿವೆಯದು’ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಅವನ ಮನೆ ನಿಂತಿರುವ ಬಡಾವಣೆಯೇ ಹಿಂದೊಮ್ಮೆ ಹೊಗೆಸೊಪ್ಪಿನ ಹೊಲ. ಹೊಲ ಸೈಟಾಗುವ ಕಾಯಿಲೆ ಅಲ್ಲಿಗೂ ಹೋಗಿದೆ, ದೇವನಹಳ್ಳಿಯವರು ಸಮಾಧಾನ ಮಾಡಿಕೊಳ್ಳಬಹುದು.

ಇನ್ನು ಮೈಲ್ಡ್ ಎಂಬ ಮಹಿಮೆ. ಹೊರ ಎಲೆಯ ಒಳಗೊಂದು ಕಟ್ಟೆಲೆ, ಅದರೊಳಗೆ ಹೂರಣ. ಹೂರಣದ ಎಲೆ ಇವನ ಸಿಗಾರಿನಲ್ಲಿ ಡೊಮಿನಿಕನ್ ರಿಪಬ್ಲಿಕ್ಕಿನದು. ಗಿಡದ ತುದಿಯ ಎಲೆ ಬಿಸಿಲು ಕುಡಿದು ದಪ್ಪಗಾಗಿ ಖಾರ ಹಿಡಿಯುತ್ತದೆ, ಅದು ‘ಲಿಹೇರೊ’. ನಡುವಿನದು ‘ಸೇಕೊ’, ಪರಿಮಳಕ್ಕೆ. ಬುಡದ್ದು ‘ವೊಲಾಡೊ’, ಚೆನ್ನಾಗಿ ಹೊತ್ತಿಕೊಳ್ಳುವುದಕ್ಕೆ. ಲಿಹೇರೊ ಕಡಿಮೆ ಮಾಡಿ, ಮೇಲೊಂದು ಚಪ್ಪರದ ಎಲೆ ಹೊದಿಸಿದರೆ ಮೈಲ್ಡ್. ಅಂದರೆ ಜಗಳಗಂಟನನ್ನು ಹೊರಗಿಟ್ಟು ನಡೆಸಿದ ಸಭೆ. ಇದನ್ನು ಜೋರು ಸಿಗಾರಿನವರು ಲೇವಡಿ ಮಾಡುತ್ತಾರೆ, ಕಲಿಯುವವರ ಸಿಗಾರು ಎನ್ನುತ್ತಾರೆ. ಇಲ್ಲಿ ನಾನು ಭಾವಮೈದನ ಪರ. ಮಸಾಲೆ ಅರೆದು ಹಾಕಿದ ಹುಳಿಯಲ್ಲಿ ಅಡುಗೆಯವನು ಏನನ್ನು ಬೇಕಾದರೂ ಬಚ್ಚಿಡಬಹುದು. ತಿಳಿಸಾರಿನಲ್ಲಿ ಬೇಳೆ ಬೇಯದಿದ್ದರೆ, ಒಗ್ಗರಣೆಯ ಇಂಗು ಕರಟಿದ್ದರೆ ಮೊದಲ ಗುಟುಕಿಗೇ ಸಿಕ್ಕಿಬೀಳುತ್ತಾನೆ. ಮೈಲ್ಡ್ ಸಿಗಾರಿನದೂ ಅದೇ ಪಾಡು. ಖಾರದ ಮರೆಯಿಲ್ಲ, ಸುತ್ತಿದ ಕೈಯ ಸುಳ್ಳು ನಿಜ ಎಲ್ಲ ಹೊರಗೆ.

ಆದ್ದರಿಂದ ಅಂಕ ಹಾಕುವುದಾದರೆ ಆ ಕೈಗೆ ಹಾಕಬೇಕು ಎನ್ನುವುದು ನನ್ನ ತಕರಾರು. ಆ ಕೈಯ ಕೆಲಸವೇನು ನೋಡಿ. ಹೂರಣದ ಎಲೆಗಳನ್ನು ಒಂದೊಂದಾಗಿ ಮಡಚಿ, ಮಡಿಕೆಗಳ ನಡುವೆ ಗಾಳಿಗೆ ಸಂದು ಬಿಟ್ಟು ಹಿಡಿಕಟ್ಟು ಮಾಡಬೇಕು. ಖಾರದ ಎಲೆ ನಿಧಾನ ಉರಿಯುತ್ತದೆ, ಅದಿದ್ದರೆ ನಟ್ಟನಡುವೆಯೇ ಕೂರಬೇಕು; ಪಕ್ಕಕ್ಕೆ ಸರಿಯಿತೋ, ಸಿಗಾರಿನ ಒಂದು ಮಗ್ಗುಲು ಮುಂದೆ ಓಡಿ ಇನ್ನೊಂದು ಹಿಂದೆ ಉಳಿದು ಉರಿ ಓರೆಯಾಗುತ್ತದೆ. ಬಿಗಿ ಜಾಸ್ತಿಯಾದರೆ ಎಳೆದೂ ಎಳೆದೂ ಕೆನ್ನೆ ಒಳಗೆ ಹೋಗುತ್ತದೆ, ಹೊಗೆ ಹೊರಗೆ ಬರುವುದಿಲ್ಲ. ಸಡಿಲವಾದರೆ ಬುಸಬುಸನೆ ಉರಿದು ನಾಲಿಗೆ ಸುಡುತ್ತದೆ. ಕಟ್ಟೆಲೆ ಸುತ್ತಿ ಮರದ ಅಚ್ಚಿನಲ್ಲಿ ಒತ್ತಿಟ್ಟ ಮೇಲೆ ಹೊರ ಎಲೆಯ ಸರದಿ. ನಡುನರ ತೆಗೆದ ಅರ್ಧ ಎಲೆಯನ್ನು ಹಲಗೆಯ ಮೇಲೆ ಹರಡಿ, ಅರ್ಧಚಂದ್ರದ ಅಲಗಿನಿಂದ ಅಂಚು ಸವರಿ, ಬೆರಳ ತುದಿಯಲ್ಲಿ ಎಳೆದು ಹಿಡಿದು ಓರೆಯಾಗಿ ಸುತ್ತುತ್ತ ಹೋಗಬೇಕು. ಒಂದು ಕೂದಲೆಳೆ ಹೆಚ್ಚು ಎಳೆದರೆ ಹರಿಯಿತು, ಎಳೆಯದಿದ್ದರೆ ಸುಕ್ಕು. ತಲೆಗೆ ಚೂರು ಎಲೆಯ ಟೋಪಿ, ಅದಕ್ಕೆ ರುಚಿಯಿಲ್ಲದ ಗಿಡದ ಅಂಟು. ಹವಾನಾದ ಕಾರ್ಖಾನೆಗಳಲ್ಲಿ 1865ರಿಂದ ಹೀಗೆ ಸುತ್ತುವವರಿಗೆ ಎತ್ತರದ ಪೀಠದ ಮೇಲೆ ಕೂತು ಪತ್ರಿಕೆ, ಕಾದಂಬರಿ ಓದಿ ಹೇಳುವವನೊಬ್ಬ ಇರುತ್ತಾನೆ. ಮಾಂಟೆಕ್ರಿಸ್ಟೊ ಎಂಬ ಬ್ರ್ಯಾಂಡಿನ ಹೆಸರೇ ಡ್ಯೂಮಾನ ಕಾದಂಬರಿಯಿಂದ ಬಂದದ್ದು. ಸುತ್ತುವವರು ಕಾದಂಬರಿ ಕೇಳುತ್ತ ಸಿಗಾರು ಕಟ್ಟಿದರೆ, ಸೇದುವವರು ಸಿಗಾರು ಹಿಡಿದು ಕಾದಂಬರಿ ಕಟ್ಟುತ್ತಾರೆ.

ಕಾದಂಬರಿ ಎಂದಾಗ ನೆನಪಾಯಿತು. 1874ರಿಂದ 1891ರವರೆಗೆ ಮಾರ್ಕ್ ಟ್ವೈನ್ ಬಾಳಿದ್ದು ಇದೇ ಹಾರ್ಟ್‌ಫರ್ಡಿನಲ್ಲಿ. ಮನೆಯ ಮೇಲಂತಸ್ತಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಹೊಗೆ ತುಂಬಿಕೊಂಡು ಬರೆಯುತ್ತಿದ್ದ. ಅವನು ಸೇದುತ್ತಿದ್ದುದು ಅಗ್ಗದ, ಘಾಟಿನ ಸಿಗಾರು, ಸ್ನೇಹಿತರು ಅದರ ಹೆಸರೆತ್ತಿದರೆ ಬೆವರುತ್ತಿದ್ದರು. ಒಂದು ರಾತ್ರಿ ಹನ್ನೆರಡು ಜನರನ್ನು ಊಟಕ್ಕೆ ಕರೆದ. ಅವರಲ್ಲೊಬ್ಬ ದುಬಾರಿ ಸಿಗಾರಿಗೆ ಹೆಸರಾದವನು. ಅವನ ಮನೆಯಿಂದಲೇ ನಲವತ್ತು ಸೆಂಟಿನ, ಕೆಂಪು ಬಂಗಾರದ ಪಟ್ಟಿಯ ಸಿಗಾರುಗಳನ್ನು ಮೊದಲೇ ಎಗರಿಸಿ ತಂದು, ಪಟ್ಟಿ ಕಿತ್ತು, ತನ್ನ ಅಗ್ಗದ ಸಿಗಾರಿನ ಡಬ್ಬಿಯಲ್ಲಿ ತುಂಬಿ ಊಟದ ಕೊನೆಗೆ ಹಂಚಿದ. ಡಬ್ಬಿ ಕಂಡೇ ಎಲ್ಲರ ಮುಖ ಬಾಡಿತು. ಹಚ್ಚಿದರು, ಮಾತಿಲ್ಲದೆ ಒದ್ದಾಡಿದರು, ನೆಪ ಹೇಳಿ ಒಬ್ಬೊಬ್ಬರೇ ಎದ್ದರು. ಬೆಳಿಗ್ಗೆ ನೋಡಿದರೆ ಬಾಗಿಲಿನಿಂದ ಗೇಟಿನವರೆಗೆ ದಾರಿಯುದ್ದಕ್ಕೂ ಬಿಸಾಡಿದ ಸಿಗಾರು. ಒಂದು ಮಾತ್ರ ಊಟದ ತಟ್ಟೆಯಲ್ಲೇ ಬಿದ್ದಿತ್ತು. ಅದು ಸಿಗಾರಿನ ಯಜಮಾನನ ತಟ್ಟೆ! ತನ್ನದೇ ಸಿಗಾರನ್ನು ಅವನು ಎರಡು ದಮ್ಮಿಗಿಂತ ಹೆಚ್ಚು ತಡೆಯಲಾರದೆ ಹೋಗಿದ್ದ. ಟ್ವೈನ್ ಬರೆದಿಟ್ಟ ಈ ಪ್ರಸಂಗವನ್ನು ಭಾವಮೈದನಿಗೆ ಹೇಳಿದೆ. ‘ಅವರೆಲ್ಲ ಪ್ಯಾಲೆಟ್ ಡೆವಲಪ್ ಮಾಡಿಕೊಂಡಿರಲಿಲ್ಲ’ ಎಂದ.

ಟ್ವೈನನಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ಅಂತರ್ಯುದ್ಧದ ಸೇನಾಪತಿ, ಆಮೇಲೆ ಅಧ್ಯಕ್ಷನಾದ ಯುಲಿಸಿಸ್ ಗ್ರಾಂಟನ ಆತ್ಮಕಥೆಯನ್ನು ಪ್ರಕಟಿಸಿದ್ದು ಅವನದೇ ಪ್ರಕಾಶನ ಸಂಸ್ಥೆ. ಸಿಗಾರು ಬಾಯಿಂದ ಇಳಿಸದ ಗ್ರಾಂಟ್ ಗಂಟಲಿನ ಕ್ಯಾನ್ಸರಿನಲ್ಲಿ ಅದನ್ನು ಬರೆದು ಮುಗಿಸಿ ಕೆಲವೇ ದಿನಕ್ಕೆ, 1885ರ ಜುಲೈನಲ್ಲಿ ತೀರಿಕೊಂಡ. ಹೊಗೆ ನುಂಗುವುದಿಲ್ಲವಲ್ಲ ಎನ್ನುತ್ತಾರೆ ಸಿಗಾರಿನವರು. ಸಿಗಾರಿನ ಹೊಗೆ ಕ್ಷಾರದ್ದು, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕಿಳಿಯುತ್ತದೆ. ನುಂಗುವ ಶ್ರಮವೂ ಬೇಡ. ಮೈಲ್ಡ್ ಎಂಬ ಸರ್ಟಿಫಿಕೇಟು ನಾಲಿಗೆಗೆ ಕೊಟ್ಟದ್ದು, ಗಂಟಲಿಗಲ್ಲ. ಇನ್ಷೂರೆನ್ಸಿನವನಿಗೆ ಇದನ್ನು ನಾನು ಹೇಳಬೇಕೆ?

ಮೈಲ್ಡೇ ಬೇಕೆಂದರೆ ಬರ್ಮಾದ ಚುಟ್ಟ ಇದೆ. ಹೊಗೆಸೊಪ್ಪಿನ ಜೊತೆ ಅದರ ಕಡ್ಡಿಯ ಚೂರು ಬೆರೆಸಿ, ಬಾಯಿಗಿಡುವ ತುದಿಗೆ ಜೋಳದ ಸಿಪ್ಪೆ ತುರುಕಿ, ಹೆಣ್ಣುಮಕ್ಕಳು ಕೈಯಲ್ಲೇ ಸುತ್ತುವುದು. ಸುತ್ತುವ ಎಲೆ ಯಾವುದೆಂದಿರಿ? ನಮ್ಮ ಚಳ್ಳೆಹಣ್ಣಿನ ಮರದ್ದು. ಜಗತ್ತಿನ ಸಿಗಾರು ಕಂಪನಿಗಳೆಲ್ಲ ನಾಜೂಕಾಗಿ ಮಾಡುವ ಕೆಲಸವನ್ನು ಬರ್ಮಾದವರು ಮರದ ಸಮೇತ ಒಪ್ಪಿಕೊಂಡಿದ್ದಾರೆ. ಅದಕ್ಕೆ ಯಾವ ಪತ್ರಿಕೆಯೂ ತೊಂಬತ್ತೊಂದು ಹಾಕಿದ್ದು ನಾನು ನೋಡಿಲ್ಲ. ಅಷ್ಟು ದೂರ ಯಾಕೆ, ಮಂಗಳೂರಿನ ಕಡೆ ಮನೆಮನೆಯ ಜಗಲಿಯಲ್ಲಿ ಹೆಂಗಸರು ಮೊರ ಮಡಿಲಿಗಿಟ್ಟುಕೊಂಡು ಬೀಡಿ ಸುತ್ತುತ್ತಾರೆ. ಎಲೆ ಕತ್ತರಿಸಿ, ಚಿಟಿಕೆ ಪುಡಿ ಹಾಕಿ, ಉರುಳಿಸಿ, ತುದಿ ಮಡಚಿ, ದಾರ ಬಿಗಿಯುವಷ್ಟರಲ್ಲಿ ನಾವು ಕಣ್ಣು ಮಿಟುಕಿಸಿರುವುದಿಲ್ಲ. ಅದೂ ಕೈಕೆಲಸವೇ. ಅದರ ಕೊನೆಯ ಪಾಲಿನಲ್ಲಿ ಒದ್ದೆ ಮಣ್ಣು ಇದೆಯೋ ಬಿಳಿ ಮೆಣಸು ಇದೆಯೋ ಎಂದು ಯಾರು ಕಣ್ಣು ಮುಚ್ಚಿದರು? ಆ ಹೆಂಗಸರಿಗೆ ಸಾವಿರದ ಲೆಕ್ಕದಲ್ಲಿ ಕೂಲಿ, ಸುತ್ತಿದ್ದು ಸರಿಯಿಲ್ಲವೆಂದರೆ ಅದರಲ್ಲೂ ಕಡಿತ. ಅವರದೂ ಒಂದು ಮೌಲ್ಯಮಾಪನ.

ನಾನು ಅವನ ಮನೆಗೆ ಹೋಗಿದ್ದಾಗ ಒಂದು ಶನಿವಾರ ಭಾವಮೈದ ನನ್ನನ್ನೂ ಪರೀಕ್ಷಕನ ಕುರ್ಚಿಯಲ್ಲಿ ಕೂರಿಸಿ ಒಂದು ರೊಬಸ್ಟೊ ಕೈಗಿಟ್ಟ. ತೀರ್ಪು ಇಲ್ಲಿದೆ. ಬೆರಳಲ್ಲಿ ಒತ್ತಿದರೆ ಎಲ್ಲೂ ಗಂಟಿಲ್ಲ, ಪೊಳ್ಳಿಲ್ಲ. ಎಳೆತ ಸಲೀಸು. ಉರಿ ನಡುವೆ ಒಮ್ಮೆ ಎಡಕ್ಕೆ ವಾಲಿ ತಾನಾಗಿ ನೆಟ್ಟಗಾಯಿತು. ಬೂದಿ ಒಂದಿಂಚು ಬೆಳೆದರೂ ಬೀಳದೆ ನಿಂತಿತು. ಒಳಗಿರುವುದು ಚೂರುಪಾರಲ್ಲ, ಪೂರ್ತಿ ಉದ್ದದ ಎಲೆ ಎಂಬುದಕ್ಕೆ ಅದೇ ಸಾಕ್ಷಿ. ಡೊಮಿನಿಕನ್ ರಿಪಬ್ಲಿಕ್ಕಿನ ಸಾಂಟಿಯಾಗೊದ ಯಾವ ತಾಯಿಯೋ ತಂದೆಯೋ ಸುತ್ತಿದ್ದು, ಆ ಕೈಗೆ ಧಾರಾಳವಾಗಿ ತೊಂಬತ್ತೈದು. ರುಚಿಯಲ್ಲಿ ಒಣಹುಲ್ಲು ಇರುವುದು ನಿಜ, ಒಪ್ಪಿದೆ. ಕೆನೆ ಸಿಗಲಿಲ್ಲ. ಬಾದಾಮಿ ಇತ್ತು, ಭಾವಮೈದನ ಹೆಂಡತಿ ತಂದಿಟ್ಟ ತಟ್ಟೆಯಲ್ಲಿ. ಕೊನೆಯ ಪಾಲು ಶುದ್ಧ ಕಹಿ, ಅದಕ್ಕೆ ಅವನು ಒದ್ದೆ ಮಣ್ಣು ಎಂದು ನಾಮಕರಣ ಮಾಡಿದ್ದಾನೆ. ವರ್ಣನೆಗೆ ಮೂವತ್ತೈದು, ಅದೂ ನೆಂಟಸ್ತಿಕೆ ನೋಡಿ.

ನಿಮ್ಮ ಮನೆಗೂ ಪರದೇಶದ ಭಾವಮೈದ ಇಂಥದ್ದೊಂದು ಪೆಟ್ಟಿಗೆ ಹಿಡಿದು ಬಂದಾನು. ಸೇದುವುದು ಬಿಡುವುದು ನಿಮಗೆ ಬಿಟ್ಟದ್ದು, ಬಿಡುವುದೇ ವಾಸಿ. ಅವನು ಸ್ನಾನಕ್ಕೆ ಹೋದಾಗ ಮಾತ್ರ ಪಟ್ಟಿಗಳನ್ನೆಲ್ಲ ಕಿತ್ತು ಅದಲು ಬದಲು ಮಾಡಿಬಿಡಿ. ಆಮೇಲೂ ಅವನಿಗೆ ಮೊದಲಿನ ಜಾಗದಲ್ಲೇ ಬಾದಾಮಿ ಸಿಕ್ಕಿದರೆ ನನಗೊಂದು ಕಾಗದ ಬರೆಯಿರಿ.